ದಾರಿ ಹೇಳುವ ಪೆಟ್ಟಿಗೆಗಳೂ ನನ್ನ ಎಡಗೈಯೂ

ಕೆಲವರು ವಯಸ್ಸನ್ನು ಮುಚ್ಚಿಡುತ್ತಾರೆ, ಕೆಲವರು ತಲೆಗೆ ಹಚ್ಚಿದ ಬಣ್ಣವನ್ನು. ನಾನು ಇವೆರಡನ್ನೂ ಯಾರೂ ಕೇಳುವ ಮೊದಲೇ ಹೇಳಿಬಿಡುವವಳು. ಆದರೆ ಮದುವೆಯಾದ ಇಪ್ಪತ್ನಾಲ್ಕು ವರ್ಷಗಳಿಂದ ಒಂದೇ ಒಂದು ಗುಟ್ಟನ್ನು ಗಂಡನಿಗೂ ಬಿಟ್ಟುಕೊಡದೆ ಕಾಪಾಡಿಕೊಂಡು ಬಂದಿದ್ದೆ. ನನಗೆ ಎಡ ಯಾವುದು, ಬಲ ಯಾವುದು ಎಂದು ತಟ್ಟನೆ ಹೊಳೆಯುವುದಿಲ್ಲ.

ಇದರಲ್ಲಿ ನನ್ನ ತಪ್ಪೇನಿಲ್ಲ. ನಾನೂ ನನ್ನ ತಂಗಿ ಮಾಲಿನಿಯೂ ಹುಟ್ಟಿನಿಂದಲೇ ಎಡಚರು. ಮೈಸೂರಿನ ಕಾನ್ವೆಂಟಿನಲ್ಲಿ ಒಂದನೇ ತರಗತಿಯ ಸಿಸ್ಟರ್, "ಯಾವ ಕೈಯಲ್ಲಿ ಬರೆಯುತ್ತೀರೋ ಅದು ರೈಟ್" ಎಂದು ಪಾಠ ಮಾಡಿದರು. ನಾನು ಬರೆಯುವ ಕೈಯನ್ನು ಹೆಮ್ಮೆಯಿಂದ ಎತ್ತಿದೆ. ಅದರ ಗೆಣ್ಣುಗಳ ಮೇಲೆ ಸ್ಕೇಲು ಬಿತ್ತು. ಎರಡು ವರ್ಷದ ನಂತರ ಅದೇ ಸ್ಕೇಲು ಮಾಲಿನಿಯ ಗೆಣ್ಣಿಗೂ ಬಿತ್ತು. ಆಮೇಲೆ ಇಬ್ಬರೂ ಇನ್ನೊಂದು ಕೈಯಲ್ಲಿ ಬರೆಯಲು ಕಲಿತು, ದುಂಡು ಅಕ್ಷರಕ್ಕೆ ಬಹುಮಾನವನ್ನೂ ತೆಗೆದುಕೊಂಡೆವು ಅನ್ನಿ. ಆದರೆ ಇವತ್ತಿಗೂ ಯಾರಾದರೂ ಅವಸರದಲ್ಲಿ "ರೈಟ್" ಎಂದರೆ, ಒಳಗಿನಿಂದ ಆ ಹಳೆಯ ಕೈಯೇ ನಾನು ನಾನು ಎಂದು ಎದ್ದು ನಿಲ್ಲುತ್ತದೆ. ಸಮಯ ಕೊಟ್ಟರೆ ನಾನೇನು ದಡ್ಡಿಯಲ್ಲ. ಸೆರಗಿನ ಮರೆಯಲ್ಲಿ ಬೆರಳುಗಳನ್ನು ಪೆನ್ನು ಹಿಡಿದ ಹಾಗೆ ಕೂಡಿಸಿ ನೋಡಿ, ಸರಿಯಾಗಿಯೇ ಉತ್ತರ ಹೇಳುತ್ತೇನೆ. ಆದರೆ ನಾವೀಗ ಇರುವ ವಿಶಾಖಪಟ್ಟಣದ ಗಾಜುವಾಕದ ನಾಲ್ಕು ರಸ್ತೆ ಕೂಡುವಲ್ಲಿ ಹಿಂದಿನಿಂದ ಲಾರಿಯವನು ಹಾರನ್ ಒತ್ತುತ್ತಿರುವಾಗ ಯಾರು ಸಮಯ ಕೊಡುತ್ತಾರೆ?

ಹಾಗೆಂದು ದಾರಿ ಗೊತ್ತಿಲ್ಲದವಳು ಎಂದುಕೊಳ್ಳಬೇಡಿ. ಗಾಜುವಾಕದಲ್ಲಿ ನಮ್ಮ ಫ್ಲಾಟಿನಿಂದ ತರಕಾರಿ ಮಾರ್ಕೆಟ್ಟಿನವರೆಗೆ ಹೋಗುವ ದಾರಿಯನ್ನು ಕಣ್ಣುಮುಚ್ಚಿ ಹೇಳಬಲ್ಲೆ. ನೀಲಿ ಗೇಟಿನ ಮನೆ, ಅದಾದ ಮೇಲೆ ಮೂರು ಹೊಲಿಗೆ ಯಂತ್ರವಿದ್ದೂ ಒಂದರಲ್ಲೇ ಹೊಲಿಯುವ ದರ್ಜಿ, ಅದಾದ ಮೇಲೆ ಬಾಲ್ಕನಿಯಲ್ಲಿ ಸದಾ ಒಂದೇ ಕಾಲುಚೀಲ ಒಣಗುವ ಮನೆ. ಆ ಇನ್ನೊಂದು ಕಾಲುಚೀಲ ಎಲ್ಲಿ ಹೋಯಿತು ಎಂಬ ಚಿಂತೆ ನನ್ನನ್ನು ಎಷ್ಟೋ ದಿನ ಕಾಡಿದ್ದುಂಟು. ಕಷ್ಟ ಬರುವುದು ಸಂಕ್ರಾಂತಿಗೆ ಆ ನೀಲಿ ಗೇಟಿಗೆ ಯಾರಾದರೂ ಹಸಿರು ಬಣ್ಣ ಬಳಿದಾಗ ಮಾತ್ರ. ಇನ್ನು ನಮ್ಮವರು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದವಳು ನಾನೇ. ಅವಸರಕ್ಕೆ ಬಾಯಿಗೆ ಬಂದ ಲೆಫ್ಟನ್ನೋ ರೈಟನ್ನೋ ಹೇಳಿಬಿಡುತ್ತಿದ್ದೆ, ಅದು ಹೇಗೋ ಪ್ರತಿಸಲವೂ ಸರಿಯಾಗಿಬಿಡುತ್ತಿತ್ತು. ಒಮ್ಮೆಯೂ ದಾರಿ ತಪ್ಪಿದ್ದಿಲ್ಲ. ದೇವರು ನನ್ನ ಮಾನ ಕಾಯುತ್ತಿದ್ದಾನೆ ಎಂದು ನಂಬಿದ್ದೆ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಅಮ್ಮನ ಪಟ್ಟದ ಗೊಂಬೆಗಳಿಂದ. ನವರಾತ್ರಿಗೆ ಕೂರಿಸುವ ಚಂದನದ ರಾಜ, ರಾಣಿ. ಅಮ್ಮ ಹೋಗುವ ಮುಂಚೆ ನಮ್ಮಿಬ್ಬರನ್ನೂ ಕರೆದು, "ಒಂದು ವರ್ಷ ಅವಳ ಮನೇಲಿ, ಒಂದು ವರ್ಷ ನಿನ್ನ ಮನೇಲಿ. ಜೋಡಿ ಮಾತ್ರ ಬೇರೆ ಮಾಡಬೇಡಿ ಕಣ್ರೇ" ಎಂದಿದ್ದರು. ಮೊದಲ ವರ್ಷ ವಿಜಯವಾಡದ ಮಾಲಿನಿಯ ಮನೆಯಲ್ಲಿ ಕೂತಿದ್ದಾಯಿತು. ಈ ವರ್ಷ ನನ್ನದು. ಆದರೆ ಮೈಸೂರಿನಿಂದ ರೈಲಿನಲ್ಲಿ ತರುವಾಗ ಯಾರದೋ ಸೂಟ್‌ಕೇಸು ತಾಗಿ ರಾಜನ ಕತ್ತಿಯ ತುದಿ ಮುರಿದಿತ್ತು. ಅಂದಿನಿಂದ ಗೊಂಬೆಗಳು ರೈಲು ಹತ್ತಕೂಡದು ಎಂದು ಮಾಲಿನಿಯ ಆಜ್ಞೆ. ಕಾಲೇಜಿನಲ್ಲಿ ಪಾಠ ಮಾಡುವವಳು, ಆಜ್ಞೆ ಮಾಡುವುದು ಅವಳಿಗೆ ಅಭ್ಯಾಸ. "ಅಮಾವಾಸ್ಯೆ ಹಿಂದಿನ ಭಾನುವಾರದೊಳಗೆ ಕಾರಲ್ಲಿ ಬಂದು ತಗೊಂಡು ಹೋಗು ಅಕ್ಕ. ಬರ್ಲಿಲ್ಲ ಅಂದ್ರೆ ಈ ವರ್ಷಾನೂ ಇಲ್ಲೇ ಕೂರಿಸ್ತೀನಿ" ಎಂದಳು. ದನಿಯಲ್ಲಿ ಸಣ್ಣ ಆಸೆಯೂ ಇತ್ತು. ನಾನು ಬಾರದಿರಲಿ ಎಂಬ ಆಸೆ.

ನಮ್ಮವರು ಅಚ್ಯುತಾಪುರದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದಾರೆ. ಆ ವಾರವೇ ಅಲ್ಲಿ ತಪಾಸಣೆ, ಅಲುಗಾಡುವಂತಿಲ್ಲ. ಹಳೆಯ ಕಾರು ಅನಕಾಪಲ್ಲಿ ದಾಟಿದರೆ ಕೆಮ್ಮುತ್ತದೆ. ಹೊಸದು ಕೊಳ್ಳುವ ಮಾತು ಹೇಗೂ ನಡೆದಿತ್ತು. ನನಗೂ ಡ್ರೈವಿಂಗ್ ಲೈಸೆನ್ಸು ಬಂದು ಆರು ತಿಂಗಳಾಗಿತ್ತು. "ನಾನೇ ಹೋಗಿ ತರುತ್ತೇನೆ" ಎಂದುಬಿಟ್ಟೆ. ಹೇಳಿದ ಮೇಲೆ ನಿದ್ದೆ ಹೋಯಿತು.

ಲೈಸೆನ್ಸು ಬಂದ ಕತೆಯನ್ನೂ ಹೇಳಿಬಿಡುತ್ತೇನೆ. ಕಲಿಸಿದ ಅಪ್ಪಾರಾವುಗಾರು ಎರಡನೆಯ ದಿನವೇ ನನ್ನ ಗುಟ್ಟನ್ನು ಹಿಡಿದಿದ್ದರು. "ಅಮ್ಮಾ, ಲೆಫ್ಟ್ ಅಂಟೇ ಅಟು ಕಾದಮ್ಮಾ!" ಎಂದು, ಲೆಫ್ಟೆಂದರೆ ಆ ಕಡೆಯಲ್ಲವೆಂದು ಬೆವರು ಒರೆಸಿಕೊಂಡವರು, ಮೂರನೆಯ ದಿನದಿಂದ ಲೆಫ್ಟು ರೈಟುಗಳನ್ನೇ ಕೈಬಿಟ್ಟರು. "ಸಮುದ್ರಂ ವೈಪು ತಿಪ್ಪಂಡಮ್ಮಾ", "ಇಪ್ಪುಡು ಕೊಂಡ ವೈಪು" ಎಂದು ಸಮುದ್ರದ ಕಡೆ, ಬೆಟ್ಟದ ಕಡೆ ತಿರುಗಿಸಲು ಹೇಳತೊಡಗಿದರು. ವಿಶಾಖಪಟ್ಟಣದಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ. ಇದರಲ್ಲಿ ತಪ್ಪುವುದೆಲ್ಲಿ ಬಂತು? ನಾನು ಚೆಂದವಾಗಿ ಕಲಿತೆ. ಆದರೆ ವಿಜಯವಾಡದಲ್ಲಿ ಸಮುದ್ರವಿಲ್ಲ. ಇರುವುದು ಕೃಷ್ಣಾ ನದಿ, ಅದೂ ತನ್ನ ಇಷ್ಟದಂತೆ ಬಳಸಿ ಹರಿಯುತ್ತದೆ. ಊರೊಳಗೆ ಬೇರೆ ಕಾಲುವೆಗಳು, ಎಲ್ಲಿ ಹೋದರೂ ಒಂದಲ್ಲ ಒಂದು ಅಡ್ಡ ಬರುತ್ತದೆ.

ಹೀಗೆ ದಾರಿ ತೋರುವ ಯಂತ್ರದ ಪ್ರಶ್ನೆ ನಮ್ಮ ಮನೆಗೆ ಬಂತು. ದ್ವಾರಕಾ ನಗರದ ಹತ್ತಿರದ ಷೋರೂಮಿನಲ್ಲಿ ಎರಡು ಬಗೆಯ ಕಾರು ತೋರಿಸಿದರು. ಒಂದರಲ್ಲಿ ಅಂಗೈ ಎರಡರಷ್ಟು ದೊಡ್ಡ ಪರದೆ, ಅದರೊಳಗೇ ಜಿಪಿಎಸ್ಸು. ಇನ್ನೊಂದರಲ್ಲಿ ಬರಿಯ ರೇಡಿಯೋ. ಅದನ್ನು ಕೊಂಡರೆ ಗಾಜಿಗೆ ಅಂಟಿಸುವ ಪುಟ್ಟ ಜಿಪಿಎಸ್ ಪೆಟ್ಟಿಗೆಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಚಿನ್ನದ ಕಟ್ಟಿನ ಕನ್ನಡಕದ ಮಾರಾಟಗಾರರು ಪರದೆಯನ್ನು ಮಗುವಿನ ಕೆನ್ನೆಯಂತೆ ಸವರಿ, "ಇದಿ ಬಂಡಿತೋ ಪಾಟೇ ಪುಟ್ಟಿಂದಿ ಮೇಡಂಗಾರೂ. ಎವರೂ ಎತ್ತುಕುಪೋಲೇರು" ಎಂದರು. ಗಾಡಿಯ ಜೊತೆಯಲ್ಲೇ ಹುಟ್ಟಿದ್ದು, ಯಾರೂ ಎತ್ತಿಕೊಂಡು ಹೋಗಲಾರರು.

"ಅದೇ ಅದರ ದೋಷ" ಎಂದರು ನಮ್ಮವರು. "ನಾವೂ ಎತ್ತಿಕೊಂಡು ಹೋಗೋಕಾಗಲ್ಲ. ಪುಟ್ಟದಾದರೆ ಈ ಕಾರಿಂದ ಆ ಕಾರಿಗೆ ಹಾಕ್ಕೋಬಹುದು. ಕೆಟ್ಟರೆ ಅದನ್ನೊಂದೇ ರಿಪೇರಿಗೆ ಕೊಡಬಹುದು."

ಅವರು ಸಾಂಬಾರು ಪುಡಿಗೂ ನಮೂನೆ ತೆಗೆದಿಟ್ಟು ಹೋದ ತಿಂಗಳಿನದರ ಜೊತೆ ಹೋಲಿಸುವ ಮನುಷ್ಯ. ಮನೆಗೆ ಬಂದವರೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಖ್ತೆ ಹಾಕಿದರು. ನಾನು ಅಡುಗೆಮನೆಗೂ ಹಾಲಿಗೂ ಓಡಾಡುತ್ತಾ, ಹೆಗಲ ಮೇಲಿನಿಂದ ಇಣುಕುತ್ತಾ, "ಪರದೆಯದೇ ಒಳ್ಳೇದು, ಸುರಕ್ಷಿತ" ಎನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಪರದೆಯಲ್ಲಿ ದಪ್ಪನೆಯ ಹಸಿರು ಬಾಣ ಬರುತ್ತಿತ್ತು. ಅದು ಯಾವ ಕಡೆ ಬಾಗುತ್ತದೋ ಆ ಕಡೆ ತಿರುಗಿದರಾಯಿತು, ಮಾತೇ ಬೇಡ. ಪುಟ್ಟ ಪೆಟ್ಟಿಗೆಯ ಬಾಣವೋ ಸಾಸಿವೆಯಷ್ಟು. ನಂಬಬೇಕಾದದ್ದು ಅದರ ಬಾಯಿಯನ್ನು.

ಬಿ.ಕಾಂ. ಓದುತ್ತಿರುವ ಮಗಳು ಶ್ರಾವ್ಯ ಸೋಫಾದಿಂದಲೇ, "ಅಮ್ಮಾ, ಫೋನಲ್ಲೇ ಮ್ಯಾಪ್ ಇದೆ ಕದಾ! ಎಂದುಕು ಇಷ್ಟು ಟೆನ್ಷನ್?" ಎಂದಳು. ಅವಳ ಕನ್ನಡ ಹಾಗೆಯೇ, ಅರ್ಧ ದಾರಿಯಲ್ಲಿ ತೆಲುಗಿನ ಬಸ್ಸು ಹತ್ತಿಬಿಡುತ್ತದೆ.

"ನಿಮ್ಮ ಚಿಕ್ಕಮ್ಮ ಗಂಟೆಗೆ ನಾಲ್ಕು ಸಲ ಫೋನ್ ಮಾಡ್ತಾಳೆ. ಮ್ಯಾಪ್ ನೋಡ್ಲೋ, ಅವಳ ಜೊತೆ ಮಾತಾಡ್ಲೋ?" ಎಂದೆ. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ನಿರ್ಧಾರ ಮೂರು ವಾರ ಎಳೆಯಿತು. ನಾನು ಬೆಳಿಗ್ಗೆ ಪರದೆ ಎಂದರೆ ಸಂಜೆ ಪೆಟ್ಟಿಗೆ ಎನ್ನುತ್ತಿದ್ದೆ. ಒಗ್ಗರಣೆ ಸೀದುಹೋಯಿತು. ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುವುದೇ ಕೆಲಸವಾಯಿತು. ಕೊನೆಗೆ ಪರದೆಯ ಕಾರೇ ಬಂತು. ಆದರೂ ನಮ್ಮವರು ಸಹೋದ್ಯೋಗಿಯೊಬ್ಬರಿಂದ ಪುಟ್ಟ ಪೆಟ್ಟಿಗೆಯನ್ನು ಎರವಲು ತಂದು ಗಾಜಿಗೆ ಅಂಟಿಸಿ, "ಎರಡನ್ನೂ ಹಾಕ್ಕೊಂಡು ಹೋಗು, ಹೋಲಿಕೆಗೆ ಅನುಕೂಲ" ಎಂದರು. ಆಮೇಲೆ ಬಹಳ ಮೆತ್ತಗೆ, "ದಾರಿ ಗೊತ್ತಾಗಲಿಲ್ಲ ಅಂತ ನನಗೊಂದು ಫೋನ್ ಬಂದರೂ, ಮುಂದಿನ ಸಲದಿಂದ ಡ್ರೈವರನ್ನ ಕಳಿಸ್ತೀನಿ" ಎಂದರು. ಗೊಂಬೆಯ ಜೊತೆಗೆ ಕಾರಿನ ಕೀಲಿಯೂ ಪಣಕ್ಕೆ ಬಿತ್ತು.

ಶನಿವಾರ ಬೆಳಿಗ್ಗೆ ಹೊರಟೆ. ಕಾರಿನ ಪರದೆಯ ದನಿ ಇಂಗ್ಲಿಷಿನದು, ಥೇಟ್ ನಮ್ಮ ಕಾನ್ವೆಂಟಿನ ಸಿಸ್ಟರದೇ. ಕೇಳಿದೊಡನೆ ಬೆನ್ನು ನೆಟ್ಟಗಾಯಿತು. "ಕೀಪ್ ಸ್ಟ್ರೇಟ್" ಎಂದಾಗಲೆಲ್ಲ "ಯೆಸ್ ಸಿಸ್ಟರ್" ಎನ್ನುತ್ತಿದ್ದೆ. ಗಾಜಿನ ಮೇಲಿನ ಪೆಟ್ಟಿಗೆಯದು ತೆಲುಗಿನ ಗಂಡು ದನಿ, "ನೇರುಗಾ ವೆಳ್ಳಂಡಿ" ಎಂದು ಬಹಳ ಮರ್ಯಾದೆಯಿಂದ ಹೇಳುತ್ತಿತ್ತು. ತುನಿ, ರಾಜಮಂಡ್ರಿ, ಗೋದಾವರಿಯ ಸೇತುವೆ, ಎಲ್ಲ ನೇರವೇ. ಇಷ್ಟು ಸುಲಭಕ್ಕೆ ನಾನೇಕೆ ಒಗ್ಗರಣೆ ಸೀಯಿಸಿಕೊಂಡೆ ಎನಿಸಿತು.

ಏಲೂರು ದಾಟಿದ ಮೇಲೆ ಬಿಸಿಲು ಏರಿತು. ಪೆಟ್ಟಿಗೆಯ ರಬ್ಬರು ಬಟ್ಟಲು ಕಾದು, ಹಿಡಿತ ಸಡಿಲಿಸಿ, ಪೆಟ್ಟಿಗೆ ಧಡಕ್ಕನೆ ಬಿದ್ದು ಪಕ್ಕದ ಸೀಟಿನ ಅಡಿಗೆ ಉರುಳಿತು. ಬಿದ್ದರೂ ಮರ್ಯಾದೆ ಬಿಡಲಿಲ್ಲ. "ಕುಡಿವೈಪು ತಿರಗಂಡಿ" ಎಂದು, ಬಲಕ್ಕೆ ತಿರುಗಿರೆಂದು, ಪಾತಾಳದಿಂದ ಬೇಡಿಕೊಳ್ಳುತ್ತಲೇ ಇತ್ತು. ಇರಲಿ, ಸಿಸ್ಟರ್ ಇದ್ದಾರಲ್ಲ ಎಂದುಕೊಂಡೆ. ವಿಜಯವಾಡದೊಳಗೆ ಒಂದು ಹೊಸ ಮೇಲ್ಸೇತುವೆ ಹತ್ತಿದ್ದೇ ತಡ, ಸಿಸ್ಟರ್ ತಬ್ಬಿಬ್ಬಾದರು. ಆ ಸೇತುವೆ ಅವರ ನಕ್ಷೆಗೆ ಇನ್ನೂ ತಲುಪಿರಲಿಲ್ಲ. ಪರದೆಯಲ್ಲಿ ನನ್ನ ಕಾರು ಯಾರದೋ ಮನೆಗಳ ಮೇಲೆ ಸಾಗುತ್ತಿತ್ತು, ನನ್ನ ನೆಚ್ಚಿನ ಹಸಿರು ಬಾಣ ಒಂದೇ ಸಮನೆ ಗಿರಗಿರ ಸುತ್ತುತ್ತಿತ್ತು. ಸೇತುವೆ ಇಳಿದು, ಹೇಗೋ ಮಾಲಿನಿಯ ಮನೆಯ ಕಡೆಯ ಕಾಲುವೆ ರಸ್ತೆ ಸೇರಿದೆ. ಸಿಸ್ಟರ್ ಒಂದು ಎಮ್ಮೆಯ ಮುಂದೆ ಕಾರು ನಿಲ್ಲಿಸಿ, ನಾನು ಸೇರಬೇಕಾದ ಜಾಗ ಇದೇ ಎಂದು ಘೋಷಿಸಿ ಸುಮ್ಮನಾದರು. ಎಮ್ಮೆ ನನ್ನನ್ನು ನೋಡಿತು. ಸೀಟಿನ ಅಡಿಯಿಂದ ತೆಲುಗಿನ ದನಿ ವಾಪಸ್ಸು ತಿರುಗಲು ವಿನಂತಿಸಿತು.

ಫೋನ್ ತೆಗೆದೆ. ನಮ್ಮವರ ಹೆಸರು ಮೇಲೆಯೇ ಇತ್ತು. ಒತ್ತಿದರೆ ಕೀಲಿ ಹೋಯಿತು. ಬೆವರಿದ ಬೆರಳನ್ನು ಕೆಳಗೆ ಸರಿಸಿ ಮಾಲಿನಿಗೆ ಮಾಡಿದೆ.

"ಎಲ್ಲಿದ್ದೀಯ ಅಕ್ಕ?"

"ಎಮ್ಮೆ ಹತ್ರ."

"ಊರು ತುಂಬ ಎಮ್ಮೆ! ಇನ್ನೇನು ಕಾಣ್ತಿದೆ?"

"ಒಂದು ಇಡ್ಲಿ ಬಂಡಿ. ಕೆಂಪು ಛತ್ರಿ, ಒಂದು ಕಡ್ಡಿ ಮುರಿದಿದೆ."

"ಹಾಂ, ಹಾಂ, ಅದೇ! ಅಲ್ಲಿ ಲೆಫ್ಟ್ ತಗೋ. ಬೇಗ ಅಕ್ಕ, ಶಾಲೆ ಬಸ್ಸು ಬರೋ ಹೊತ್ತು, ಆಮೇಲೆ ತಿರುಗೋಕೇ ಆಗಲ್ಲ. ಆಮೇಲೆ ಹಾಲಿನ ಬೂತು ಸಿಗತ್ತೆ, ಅಲ್ಲಿ ರೈಟ್!"

ಪೆನ್ನು ಹಿಡಿದು ನೋಡಲು ಪುರಸೊತ್ತೆಲ್ಲಿ? ಕೈ ಹೋದ ಕಡೆ ಸ್ಟೀರಿಂಗ್ ತಿರುಗಿಸಿದೆ. ಹಾಲಿನ ಬೂತು ಬಂತು, ಮತ್ತೆ ತಿರುಗಿಸಿದೆ. ಎದುರಿಗೆ ಗೇಟಿನಲ್ಲಿ ಮಾಲಿನಿ ಫೋನ್ ಹಿಡಿದು ನಿಂತಿದ್ದಳು!

ಊಟಕ್ಕೆ ಕೂತಾಗ ಅವಳ ಗಂಡ ಪ್ರಸಾದ್ ದಾರಿ ಹೇಗೆ ಸಿಕ್ಕಿತು ಎಂದು ವಿಚಾರಿಸಿದರು. ಅವರು ತೆಲುಗಿನವರು. ಮಾಲಿನಿ ಹೇಳಿದ್ದನ್ನು ನಾನು ಗಿಳಿಪಾಠ ಒಪ್ಪಿಸಿದೆ. ಅವರ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ಇಡ್ಲಿ ಬಂಡಿ ದಗ್ಗರ ಲೆಫ್ಟಾ? ಲೆಫ್ಟ್‌ಲೋ ಕಾಲುವ ಕದಾ ವದಿನಗಾರೂ! ಅಟು ವೆಳ್ಳಿಂಟೇ ನೀಳ್ಳಲ್ಲೋ ಉಂಡೇವಾರು!" ಎಡಗಡೆ ಇರುವುದು ಬರಿಯ ಕಾಲುವೆ, ಆ ಕಡೆ ಹೋಗಿದ್ದರೆ ಈ ಹೊತ್ತಿಗೆ ನೀರಿನಲ್ಲಿರುತ್ತಿದ್ದೆ.

ನಾನು ಮಾಲಿನಿಯ ಮುಖ ನೋಡಿದೆ. ಅವಳು ನನ್ನ ಗೆಣ್ಣು ನೋಡಿದಳು. ಅವಳು ರೈಟ್ ಎಂದುಕೊಂಡು ಲೆಫ್ಟ್ ಎಂದಿದ್ದಳು. ನಾನು ಲೆಫ್ಟ್ ಎಂದು ಕೇಳಿ ರೈಟಿಗೆ ತಿರುಗಿದ್ದೆ. ಇಷ್ಟು ವರ್ಷ ನಾವಿಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. "ಮನೇಲಿ ಹೇಳಬೇಡ ಕಣೇ" ಎಂದೆ. "ನೀನೂ ಅಷ್ಟೇ" ಎಂದಳು. ಆದರೆ ಪ್ರಸಾದ್ ಆಗಲೇ ಬಿದ್ದು ಬಿದ್ದು ನಗುತ್ತಿದ್ದರು.

ಮರುದಿನ ರಾಜ ರಾಣಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಬಿಗಿದು ಮನೆ ತಲುಪಿದೆ. ನಮ್ಮವರಿಗೆ ಒಂದೂ ಫೋನ್ ಹೋಗಿರಲಿಲ್ಲ. ಕೀಲಿ ನನ್ನ ಸೊಂಟದಲ್ಲಿ ಭದ್ರ. ಪಾಡ್ಯದ ದಿನ ಮೆಟ್ಟಿಲು ಜೋಡಿಸಿ, "ರಾಜನ ಎಡಕ್ಕೇ ರಾಣಿ ತಾನೇ?" ಎಂದು ಮಾಲಿನಿಯನ್ನು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ಕೂರಿಸಿದೆ. ಸಂಜೆ ಅರಿಸಿನ ಕುಂಕುಮಕ್ಕೆ ಬಂದ ಎದುರು ಫ್ಲಾಟಿನ ವರಲಕ್ಷ್ಮಿಗಾರು ತಲೆ ಓರೆ ಮಾಡಿ ನೋಡಿ, "ರಾಣಿಗಾರು ಎಡಮವೈಪು ಉಂಡಾಲಿ ಕದಂಡೀ?" ಎಂದರು.

"ಎಡಗಡೆಯೇ ಇದ್ದಾಳಲ್ಲಾ" ಎಂದು ನಾನು ಧೈರ್ಯವಾಗಿ ಅಂದೆ. ಅವರು ಮರ್ಯಾದಸ್ಥರು, ಸುಮ್ಮನೆ ತಾಂಬೂಲ ತೆಗೆದುಕೊಂಡು ಹೋದರು.

ಬಾಗಿಲು ಮುಚ್ಚಿದ ಮೇಲೆ ನಮ್ಮವರು ನೋಟ್‌ಬುಕ್ಕು ತಂದು ಮುಂದಿಟ್ಟರು. ಅದೇ ತಖ್ತೆ. ಪರದೆಗೊಂದು ಅಂಕಣ, ಪೆಟ್ಟಿಗೆಗೊಂದು. ನಾನು ಯಾವತ್ತೂ ಗಮನಿಸದಿದ್ದ ಮೂರನೆಯ ಅಂಕಣವೊಂದು ಅಂಚಿನಲ್ಲಿತ್ತು. ಮೇಲೆ ನನ್ನ ಹೆಸರು. ಕೆಳಗೆ ಅವರ ಸಣ್ಣ ಅಕ್ಷರ: "ಸದಾ ಉಲ್ಟಾ. ಆದ್ದರಿಂದ ನಂಬಬಹುದು."

"ನಿಮಗೆ ಗೊತ್ತಿತ್ತಾ?"

"ಮದುವೆಯಾದ ಎರಡನೇ ವಾರದಿಂದ. ನೀನು ಲೆಫ್ಟ್ ಅಂದರೆ ರೈಟಿಗೆ ತಿರುಗಿಸ್ತೀನಿ. ಒಂದೇ ಥರ ತಪ್ಪು ತೋರಿಸೋ ಉಪಕರಣ ಕೆಟ್ಟದ್ದಲ್ಲ ಕಣೇ, ತಿದ್ದುಪಡಿ ಹಾಕ್ಕೊಂಡರೆ ಆಯ್ತು. ಎಲ್ಲಾದರೂ ದಾರಿ ತಪ್ಪಿದ್ದೀವಾ?"

ಇಪ್ಪತ್ನಾಲ್ಕು ವರ್ಷ ನನ್ನ ಮಾನ ಕಾದ ದೇವರು ಬನಿಯನ್ ಹಾಕಿಕೊಂಡು ಎದುರಿಗೆ ಕೂತಿದ್ದ. ಅಳಬೇಕೋ ನಗಬೇಕೋ ತಿಳಿಯದೆ ಎದ್ದು ಹೋಗಿ ರಾಣಿಯನ್ನು ರಾಜನ ಇನ್ನೊಂದು ಪಕ್ಕಕ್ಕೆ ಸರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನ್ನಂಥವಳಿಗೆ ತಿದ್ದಿಕೊಳ್ಳದೆ ನೆಮ್ಮದಿಯಿಲ್ಲ. ಮುಂದಿನ ಭಾನುವಾರ ಗೃಹಪ್ರವೇಶವೊಂದಕ್ಕೆ ಹೊರಟಾಗ, ತಿರುವು ಬರುವುದಕ್ಕೆ ಎಷ್ಟೋ ಮೊದಲೇ ಸೆರಗಿನ ಮರೆಯಲ್ಲಿ ಬೆರಳು ಕೂಡಿಸಿ, ಲೆಕ್ಕ ಹಾಕಿ, ಜೀವನದಲ್ಲಿ ಮೊದಲ ಸಲ ಸರಿಯಾದ ಲೆಫ್ಟನ್ನು ಸರಿಯಾದ ಹೊತ್ತಿಗೆ ಸ್ಪಷ್ಟವಾಗಿ ಹೇಳಿದೆ. ನಮ್ಮವರು ಪೂರ್ಣ ವಿಶ್ವಾಸದಿಂದ ರೈಟಿಗೆ ತಿರುಗಿಸಿದರು. ನಾವು ತಲುಪುವಷ್ಟರಲ್ಲಿ ಅಲ್ಲಿ ಎಲೆ ಎತ್ತಿಯಾಗಿತ್ತು.