ನೀನು ಮುಂದೆ ಹೋಗಿರು, ನಾವು ಬರ್ತೀವಿ

ಚಪ್ಪಾಳೆಯ ಆಸೆ ತಮಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಇದೆ, ಬೇಕಾದಷ್ಟಿದೆ. ಹುಟ್ಟಿದಾರಭ್ಯ ಬೇರೆಯವರಿಗೆ ತಟ್ಟಿ ತಟ್ಟಿ ನನ್ನ ಅಂಗೈ ಜಡ್ಡುಗಟ್ಟಿದೆ. ಮಗಳು ಶಾಲೆಯಲ್ಲಿದ್ದಾಗ ಬಾಯಲ್ಲಿ ಚಮಚ ಕಚ್ಚಿಕೊಂಡು ನಿಂಬೆಹಣ್ಣಿನ ಓಟ ಓಡಿದಳು. ಹಣ್ಣು ಶುರುವಿನಲ್ಲೇ ಬಿದ್ದುಹೋಯಿತು, ಆದರೂ ಬಿಸಿಲಿನಲ್ಲಿ ನಿಂತು ತಟ್ಟಿದೆ. ನಮ್ಮ ಯಜಮಾನರು ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಭಾಷಣ ಮಾಡುತ್ತಾ "ಕೊನೆಯದಾಗಿ" ಎಂದಾಗಲೆಲ್ಲ ತಟ್ಟಿದೆ. ಮಹಾನುಭಾವರು ಅದನ್ನು ಎಷ್ಟು ಸಲ ಅಂದರೋ ಲೆಕ್ಕವಿಲ್ಲ. ಗಿರಿನಗರದಲ್ಲಿರುವ ನಾದಿನಿ ವನಜ ಭಜನೆಯಲ್ಲಿ ಶ್ರುತಿ ಒಂದು ಕಡೆ, ತಾನೊಂದು ಕಡೆ ಹಾಡಿದಾಗಲೂ ಮೊದಲ ಸಾಲಿನಲ್ಲಿ ಕೂತು ತಟ್ಟಿದವಳು ನಾನೇ. ನನಗೂ ಒಂದು ಸಲ, ಒಂದೇ ಒಂದು ಸಲ, ಎಲ್ಲಿಂದಲೋ ಬೆವರು ಸುರಿಸಿಕೊಂಡು ಓಡಿ ಬರುತ್ತಿರುವಾಗ ಮನೆಮಂದಿ ಹಗ್ಗದಾಚೆ ನಿಂತು "ಸುಮಾ! ಸುಮಾ!" ಎಂದು ಕೂಗಬೇಕು ಎಂಬ ಆಸೆ ಹುಟ್ಟಿದ್ದರೆ ತಪ್ಪೇ, ನೀವೇ ಹೇಳಿ.

ಅದಕ್ಕೆ ಟ್ರಯಾಥ್ಲಾನೇ ಆಗಬೇಕಿತ್ತೇ ಎಂದು ನೀವು ಕೇಳಬಹುದು. ಅದೇನೂ ನನ್ನ ಹಟವಲ್ಲ, ಒಂದಕ್ಕೊಂದು ಅಂಟಿಕೊಂಡು ಬಂತು. ಮಂಡಿನೋವಿಗೆ ಡಾಕ್ಟರು ಈಜಲು ಹೇಳಿದರು. ಜಯನಗರದ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿದೆ. ಬನಶಂಕರಿಯಿಂದ ಅಲ್ಲಿಗೆ ಬೆಳಗಿನ ಜಾವ ಯಾವ ಆಟೋದವನೂ ಮೀಟರ್ ಹಾಕಿ ಬರಲೊಪ್ಪದೆ, ತಿಲಕ್ ನಗರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಕೊಂಡೆ. ಸೈಕಲ್ ತುಳಿದು ಕಾಲಿಗೆ ಸ್ವಲ್ಪ ಅಹಂಕಾರ ಬಂದು, ಭಾನುವಾರಗಳಂದು ಪುಟ್ಟೇನಹಳ್ಳಿ ಕೆರೆಯ ಸುತ್ತ ಓಡತೊಡಗಿದೆ. ಓಟವೆಂದರೆ ನನ್ನ ಮಟ್ಟಿಗೆ ಓಟ. ರಾಜಕೀಯ ಮಾತಾಡಿಕೊಂಡು ನಡೆಯುವ ಅಂಕಲ್‌ಗಳು ಹಿಂದಿನಿಂದ ಬಂದು, "ಸ್ವಲ್ಪ ಸೈಡ್ ಬಿಡಿ ಮೇಡಂ" ಎಂದು ನನ್ನನ್ನು ದಾಟಿ ಹೋಗುತ್ತಿದ್ದರು. ಇಷ್ಟೆಲ್ಲ ನೋಡಿದ ನಮ್ಮ ಈಜಿನ ಕೋಚ್, "ಮೂರೂ ಮಾಡ್ತೀರಲ್ಲ ಮೇಡಂ, ಸೇರಿಸಿ ಒಟ್ಟಿಗೇ ಮಾಡ್ಬಿಡಿ" ಎಂದರು. ಮುಕ್ಕಾಲು ಕಿಲೋಮೀಟರ್ ಈಜಿ, ಒದ್ದೆ ಮೈಯಲ್ಲೇ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದು, ಇಳಿದು ಐದು ಕಿಲೋಮೀಟರ್ ಓಡಬೇಕು. ಇದು ಚಿಕ್ಕದಂತೆ! ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಅಲ್ವೇ, ಈಜಿ ದಡ ಸೇರಿದ ಮೇಲೆ ಸುಖವಾಗಿ ಮನೆಗೆ ಬರೋದು ಬಿಟ್ಟು ಸೈಕಲ್ ಯಾಕೇ ಹತ್ತಬೇಕು?" ಎಂದರು.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು. ಲಗ್ನಪತ್ರಿಕೆಯಲ್ಲಿ ಮುಹೂರ್ತ ಎಂದು ಅಚ್ಚು ಹಾಕಿಸಿರುವ ವೇಳೆ ಪುರೋಹಿತರಿಗೆ ಮತ್ತು ಗಂಡು ಹೆಣ್ಣಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನಮ್ಮವರ ನಂಬಿಕೆ. ಉಳಿದವರು ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಹೋಗಿ, ಅಕ್ಷತೆ ಹಾಕಿ, ಫೋಟೋಕ್ಕೆ ನಿಂತು, ಕೈ ತೊಳೆದರೆ ಮದುವೆಗೆ ಹೋದಂತೆ. ನಮ್ಮ ಯಜಮಾನರು ಮಾಂಗಲ್ಯಧಾರಣೆಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಅದೂ ತಾವೇ ಕಟ್ಟಬೇಕಾಗಿ ಬಂದದ್ದರಿಂದ.

ಸ್ಪರ್ಧೆಯ ಹಿಂದಿನ ದಿನ ಅವರಿಗೆ ಬಿಡಿಸಿ ಬಿಡಿಸಿ ಹೇಳಿದೆ. "ಆರೂವರೆಗೆ ಶುರು ರೀ, ಒಂಬತ್ತು ಗಂಟೆಗೆಲ್ಲ ಮುಗಿದೋಗುತ್ತೆ."

"ಮೂರೂನಾ?"

"ಮೂರೂ. ಒಂದರ ಹಿಂದೆ ಒಂದು."

"ಮಧ್ಯೆ ತಿಂಡಿಗೆ ಬಿಡಲ್ವಾ?"

"ಬಿಡಲ್ಲ ರೀ."

ಅವರು ತಿಳಿದವರ ನಗು ನಕ್ಕರು. "ಹಾಗಂತ ಹಾಕಿರ್ತಾರೆ ಕಣೇ. ನಮ್ಮ ಜನ ಯಾವತ್ತು ಟೈಮಿಗೆ ಶುರು ಮಾಡಿದಾರೆ? ಈಜು ಆಗ್ಬೇಕು, ತಲೆ ಒರಸ್ಕೋಬೇಕು, ಕಾಫಿ ಕುಡೀಬೇಕು... ಕೊನೇದು ಓಟ ತಾನೇ ಮುಖ್ಯ? ನೀನು ಮುಂದೆ ಹೋಗಿರು, ನಾವು ಅಮ್ಮನ್ನೂ ವನಜನ್ನೂ ಕರ್ಕೊಂಡು ಬರ್ತೀವಿ." ನಾನು ತೆಪ್ಪಗಿದ್ದಿದ್ದರೆ ಚೆನ್ನಾಗಿತ್ತು. ಮುಗಿದ ಮೇಲೆ ಎಲ್ಲರಿಗೂ ಮೆಡಲ್ ಹಾಕಿ ಇಡ್ಲಿ ವಡೆ ಕೊಡುತ್ತಾರೆ ಎಂದೂ ಹೇಳಿಬಿಟ್ಟೆ. ಅಲ್ಲಿಗೆ ನಮ್ಮವರ ಲೆಕ್ಕದಲ್ಲಿ ಅದು ಊಟದ ಸಮಾರಂಭವಾಯಿತು.

ನಮ್ಮ ಕಾರಿನಲ್ಲಿ ಸೈಕಲ್ ಹಿಡಿಸುವುದಿಲ್ಲವಾದ್ದರಿಂದ ಬೆಳಗಿನ ಜಾವ ಒಂದು ಲಗೇಜ್ ಆಟೋ ಮಾಡಿಕೊಂಡು ಹೊರಟೆ. ಸ್ಪರ್ಧೆ ಇದ್ದದ್ದು ಕನಕಪುರ ರಸ್ತೆಯ ಆಚೆ, ಈಜುಕೊಳವಿರುವ ಒಂದು ಶಾಲೆಯಲ್ಲಿ. ಆಟೋದವನು ಮೆಟ್ರೋ ಕಂಬಗಳ ಕೆಳಗೆ ತುಂಬ ಹೊತ್ತು ಯೋಚನೆ ಮಾಡಿಕೊಂಡು ಬಂದು ಕೇಳಿದ: "ಮೇಡಂ, ಸೈಕಲ್ ರಿಪೇರಿಗಾ?"

"ಇಲ್ಲಪ್ಪ. ಸೈಕಲ್ ಹೊಡೆಯೋಕೆ ಹೋಗ್ತಿದೀನಿ."

"ಹಂಗಾದ್ರೆ ಸೈಕಲ್ಲಲ್ಲೇ ಹೋಗ್ಬೋದಿತ್ತಲ್ಲ ಮೇಡಂ?"

"ಅಲ್ಲಿ ಹೋಗಿ ಹೊಡೀಬೇಕು."

ನಾನು ಇಳಿಯುವಾಗ ಅವನು, "ಹುಷಾರು ಮೇಡಂ, ಮನೇಲಿ ಹೇಳಿದೀರ ತಾನೇ?" ಎಂದ.

ಈಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿಗೆ ಇಳಿದ ಕೂಡಲೇ ಹಣೆಯ ಸ್ಟಿಕರ್ ನನ್ನನ್ನು ಬಿಟ್ಟು ತಾನೇ ಮುಂದೆ ಹೋಯಿತು. ಈಜಿನ ಕನ್ನಡಕದೊಳಗೆ ಮಂಜು ಕಟ್ಟಿತು. ಯಾರದೋ ಹಿಮ್ಮಡಿ ಗಲ್ಲಕ್ಕೆ ಬಡಿದು, ಬಡಿದವರು "ಸಾರಿ ಆಂಟಿ" ಎನ್ನುವಾಗ ನೀರು ಕುಡಿದರು. ದಡ ಸೇರಿದಾಗ ಅತ್ತೆಯ ಮಾತು ನೆನಪಾಗಿ ಒಂದು ಕ್ಷಣ ಮನಸ್ಸು ಚಂಚಲವಾಯಿತು ನಿಜ. ಒದ್ದೆ ಕಾಲಿಗೆ ಕಾಲುಚೀಲ ಏರಿಸುವುದು ಎಂಥ ಕೆಲಸವೆಂದು ಆವತ್ತೇ ಗೊತ್ತಾಗಿದ್ದು. ಉಳಿದವರು ಚಕಚಕ ಹೊರಟುಹೋದರು. ನಾನು ನೆಲದ ಮೇಲೆ ಕಾಲು ಚಾಚಿ ಕೂತು, ಟವೆಲಿನಲ್ಲಿ ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ, ಪೌಡರ್ ಹಾಕಿ, ಜಡೆ ಹಿಂಡಿ, ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಟೆ. ಸೈಕಲ್ಲಿನಲ್ಲಿ ಹುಡುಗರು ಭರ್ರೆಂದು ದಾಟುತ್ತಾ "ಸಖತ್ ಆಂಟಿ, ಬಿಡ್ಬೇಡಿ!" ಎನ್ನುತ್ತಿದ್ದರು. ಅಪರಿಚಿತರು ಹಾಗೆ ಅಂದಾಗ ಸಂತೋಷವಾಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು. ಯಾರದೋ ಮನೆಯ ಮಕ್ಕಳು ಹೇಳುತ್ತಿದ್ದಾರೆ, ನಮ್ಮವರು ಹೇಳಬೇಕಿತ್ತಲ್ಲ.

ಓಟ ಶಾಲೆಯ ಆವರಣದ ಸುತ್ತ, ನಾಲ್ಕು ಸುತ್ತು. ಪ್ರತಿ ಸುತ್ತಿಗೂ ಹಗ್ಗ ಕಟ್ಟಿದ ಜಾಗವನ್ನು ಹಾದು ಹೋಗಬೇಕು, ಜನ ನಿಲ್ಲುವುದು ಅಲ್ಲೇ. ಮೊದಲ ಸುತ್ತಿನಲ್ಲಿ ನೋಡಿದೆ, ನಮ್ಮವರಿಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಎರಡನೆಯದರಲ್ಲಿ, ಪಾರ್ಕಿಂಗ್ ಸಿಕ್ಕಿರಲಿಕ್ಕಿಲ್ಲ. ಮೂರನೆಯದರಲ್ಲಿ, ಅತ್ತೆಗೆ ಗೇಟಿನಿಂದ ನಡೆಯುವುದು ಕಷ್ಟ, ನಿಧಾನವಾಗಿ ಬರುತ್ತಿರುತ್ತಾರೆ. ಹಗ್ಗದಾಚೆ ಒಬ್ಬರು ಗಂಡಸು ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು, ತಮ್ಮ ಹೆಂಡತಿ ಕಾಣಿಸುತ್ತಲೇ ಊರಿಗೆಲ್ಲ ಕೇಳುವಂತೆ ಕೂಗಿದರು. ಆಕೆ "ಸಾಕು ಸುಮ್ನಿರಿ" ಎಂದು ಗದರಿಕೊಂಡೇ ಓಡಿಹೋದಳು. ಗದರುವ ಆ ಭಾಗ್ಯಕ್ಕೆ ನನಗೆ ಕಣ್ಣು ತುಂಬಿ ಬಂತು. ನೀರು ಕೊಡುವ ಹುಡುಗಿ ಬೆವರೆಂದು ತಿಳಿದು ಸ್ಪಂಜು ಕೊಟ್ಟಳು.

ಕೊನೆಯ ಸುತ್ತಿನಲ್ಲಿ ನಾನು ಮಾಡಿದ ಕೆಲಸವನ್ನು ಪ್ರಪಂಚದ ಯಾವ ಓಟಗಾರನೂ ಮಾಡಿರಲಾರ. ಓಟ ಮುಗಿಯುವ ಗೆರೆ ಕಣ್ಣೆದುರಿಗೇ ಇತ್ತು. ನನ್ನ ಹಿಂದೆ ಇನ್ನೂ ಒಬ್ಬರಿದ್ದರು, ಎಪ್ಪತ್ತು ದಾಟಿದ ಒಬ್ಬ ತಾತ. ಈಗ ಮುಗಿಸಿಬಿಟ್ಟರೆ ಆಯಿತು, ನಮ್ಮವರು ಬಂದು ನೋಡುವುದೇನು? ಇನ್ನೆರಡು ನಿಮಿಷದಲ್ಲಿ ಬಂದರೆ? ಈಗ ಗೇಟಿನಲ್ಲೇ ಇದ್ದರೆ? ನಾನು ನಡೆಯತೊಡಗಿದೆ. ಆಮೇಲೆ ಲೇಸ್ ಬಿಚ್ಚಿ ಕಟ್ಟಿದೆ. ಇನ್ನೊಂದು ಕಾಲಿನದನ್ನೂ ಬಿಚ್ಚಿ ಕಟ್ಟಿದೆ. ತಾತ ಹತ್ತಿರ ಬಂದು, "ಏನಮ್ಮ, ಕಾಲು ಹಿಡ್ಕೊಂತಾ?" ಎಂದರು. "ಇಲ್ಲ ಸಾರ್, ನೀವು ಹೋಗಿ" ಎಂದೆ, ಮನೆ ಬಾಗಿಲಲ್ಲಿ ಅತಿಥಿಗೆ ಹೇಳುವ ಧಾಟಿಯಲ್ಲಿ. ಅವರು ಹೋದರು. ಮೈಕಿನವನು "ಅಂಡ್ ಅವರ್ ಲಾಸ್ಟ್ ಫಿನಿಷರ್!" ಎಂದು ಕೂಗಿದ. ಗೇಟಿನ ಕಡೆ ಕೊನೆಯ ಸಲ ನೋಡಿ ಗೆರೆ ದಾಟಿದೆ. ಒಬ್ಬಳು ಹುಡುಗಿ ಆಕಳಿಸುತ್ತಾ ಕೊರಳಿಗೆ ಮೆಡಲ್ ಹಾಕಿದಳು.

ಫೋನ್ ಮಾಡಿದರೆ ಯಜಮಾನರು, "ಹೊರಟ್ವಿ ಹೊರಟ್ವಿ, ಆನ್ ದ ವೇ" ಎಂದರು. ಹಿಂದುಗಡೆ ಬಕೆಟ್ಟಿಗೆ ನೀರು ಬೀಳುತ್ತಿರುವ ಸದ್ದು ಕೇಳಿಸುತ್ತಿತ್ತು.

ಅವರು ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಗೆರೆಯ ಮೇಲೆ ನಿಲ್ಲಿಸಿದ್ದ ಗಾಳಿ ತುಂಬಿದ ಕಮಾನನ್ನು ಇಳಿಸಿ, ಇಬ್ಬರು ಅದರ ಮೇಲೆ ಉರುಳಾಡಿ ಗಾಳಿ ತೆಗೆಯುತ್ತಿದ್ದರು. ನಾನು ಮರದ ಕೆಳಗೆ ಮೂರನೆಯ ತಟ್ಟೆ ಇಡ್ಲಿ ಮುಗಿಸುತ್ತಿದ್ದೆ. ಅತ್ತೆ ಧರ್ಮಾವರಂ ಸೀರೆಯಲ್ಲಿ, ವನಜ ತಲೆ ತುಂಬ ಮಲ್ಲಿಗೆ ಮುಡಿದು, ಯಜಮಾನರು ಜರಿ ಪಂಚೆಯಲ್ಲಿ. ಅವರ ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರಲ್ಲಿ ಒಂದು ದಪ್ಪ ಸುಗಂಧರಾಜದ ಹಾರ.

"ಅತ್ತಿಗೆ, ಯಾವಾಗ ಶುರು ಮಾಡ್ತಾರೆ?" ಎಂದು ವನಜ ಕೇಳಿದಳು.

"ಮುಗೀತು ವನಜಾ."

ಯಜಮಾನರು ಉರುಳಾಡುತ್ತಿದ್ದ ಹುಡುಗರನ್ನು ನೋಡಿದರು, ನನ್ನ ಮೆಡಲ್ ನೋಡಿದರು. ಮುಖ ಇಷ್ಟೇ ಇಷ್ಟಾಯಿತು. "ಹಾರ ಕಟ್ಟಿಸೋಕೆ ಗಾಂಧಿ ಬಜಾರಿಗೆ ಹೋಗಿದ್ದೆ ಕಣೇ. ಓಡಿ ಬಂದ ತಕ್ಷಣ ಹಾಕೋಣಾಂತ." ಬಯ್ಯಬೇಕೆಂದು ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. "ಹೋಗ್ಲಿ ಬಿಡಿ" ಎಂದೆ. ಹೋಗಲಿ ಬಿಡಿ ಎನ್ನುವಾಗ ಯಾವ ಹೆಂಗಸಿನ ಮನಸ್ಸಿನಿಂದಲೂ ಏನೂ ಹೋಗಿರುವುದಿಲ್ಲ.

ವನಜ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಇವರು ಕಾರು ಹತ್ತಲಿಲ್ಲ. ಜರಿ ಪಂಚೆ ಎತ್ತಿ ಕಟ್ಟಿ, ಸೈಕಲ್ ಹೇರಿದ ಗೂಡ್ಸ್ ಟೆಂಪೋದ ಹಿಂದೆ ನನ್ನ ಪಕ್ಕ ಕೂತು, "ಮೊದಲಿಂದ ಹೇಳು. ಒಂದೂ ಬಿಡ್ಬೇಡ" ಎಂದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಹಾಗೆ ಕೇಳಿದ್ದು ಅದೇ ಮೊದಲು. ಹೇಳಿದೆ. ನಾನು ಹೇಳಿದ ಟ್ರಯಾಥ್ಲಾನಿನಲ್ಲಿ ಯಾರೂ ನನ್ನ ಗಲ್ಲಕ್ಕೆ ಒದೆಯಲಿಲ್ಲ, ಹೆಲ್ಮೆಟ್ ನೆಟ್ಟಗಿತ್ತು. "ಆಮೇಲೆ? ಆಮೇಲೆ?" ಎಂದು ಅವರು ಕೇಳಿದಷ್ಟೂ ನನ್ನ ವೇಗ ಹೆಚ್ಚಿತು. ಕೊನೆಗೆ ನನ್ನ ಮುಂದೆ ಒಬ್ಬರು ಓಡುತ್ತಿದ್ದರು, ಗೆರೆಯ ಹತ್ತಿರ ಅವರನ್ನು ಹಿಂದೆ ಹಾಕಿದೆ ಎಂದೆ. ಅವರ ವಯಸ್ಸು ಹೇಳಲಿಲ್ಲ. ಯಜಮಾನರು ಟೆಂಪೋ ಕುಲುಕುತ್ತಿದ್ದರೂ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿದರು, ರಸ್ತೆಯ ಜನ ತಿರುಗಿ ನೋಡುವ ಹಾಗೆ.

ಅಂತೂ ಚಪ್ಪಾಳೆ ಸಿಕ್ಕಿತು, ನಾನು ಓಡದ ಓಟಕ್ಕೆ. ಓಡಿದವಳು ಬೇರೆ: ಎರಡೆರಡು ಸಲ ಲೇಸ್ ಬಿಚ್ಚಿ ಕಟ್ಟುತ್ತಾ, ಗೇಟಿನ ಕಡೆಗೇ ನೋಡುತ್ತಾ, ಎಲ್ಲರಿಗಿಂತ ಕೊನೆಗೆ ಬಂದವಳು. ಇವರು ನೋಡಬೇಕಾಗಿದ್ದದ್ದು ಅವಳನ್ನು. ಅವಳ ವಿಷಯ ನಾನಿನ್ನೂ ಹೇಳಿಲ್ಲ. ಹೇಳಿದರೆ, "ಅಲ್ಲಿ ಯಾಕೆ ನಿಂತೆ?" ಎಂದು ಕೇಳುತ್ತಾರೆ. "ನಿಮಗೋಸ್ಕರ" ಎನ್ನಬೇಕಾಗುತ್ತದೆ. ಮಗಳು ಮೈಸೂರಿನಲ್ಲಿ ಡಿಗ್ರಿ ಓದುತ್ತಿರುವಾಗ ಹೆಂಗಸು ಗಂಡನಿಗೆ ಅಂಥ ಮಾತು ಹೇಳುವುದೇ? ಅದಕ್ಕಿಂತ ಈಜುವುದೇ ಸುಲಭ.