ಮೋಡದಲ್ಲಿ ಲಾರಿ ಓಡಿಸುವ ಭಾವ

ನಮ್ಮ ಭಾವ ಕಳೆದ ಮೂರು ವರ್ಷಗಳಲ್ಲಿ ಕಡಿಮೆಯೆಂದರೂ ಇನ್ನೂರು ಲಾರಿಗಳನ್ನು ಪ್ರಪಾತಕ್ಕೆ ಬೀಳಿಸಿದ್ದಾರೆ. ಒಂದು ಸಲವಾದರೂ ಪಕ್ಕದಲ್ಲಿದ್ದ ಕಾಫಿ ತುಳುಕಿದ್ದರೆ ಕೇಳಿ! ಪೊಲೀಸರು ಬರಲಿಲ್ಲ, ಆಂಬುಲೆನ್ಸ್ ಬರಲಿಲ್ಲ. ಬಂದದ್ದು ನನಗೆ ತಲೆನೋವು ಮಾತ್ರ. ಯಾಕೆಂದರೆ ಆ ಇನ್ನೂರೂ ಬಿದ್ದದ್ದು ಮೂರ್ನಾಡಿನ ನನ್ನ ಅಂಗಡಿಯ ಬೆಂಚಿನ ಮೇಲೆ.

ನನ್ನದು ಜೆರಾಕ್ಸ್, ರೀಚಾರ್ಜ್ ಅಂಗಡಿ. ಭಾವ ಎಂದರೆ ಅಕ್ಕನ ಗಂಡ, ಬಾಳೆಲೆ ಊರಿನವರು, ಅರವತ್ತು ದಾಟಿದವರು. ಅವರ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಫೋನನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದು ಉಸಿರು ಬಿಗಿಹಿಡಿಯಬೇಕು. ಆದ್ದರಿಂದ ವಾರಕ್ಕೆರಡು ದಿನ ಬಸ್ಸು ಹತ್ತಿ ನನ್ನ ವೈಫೈ ಹುಡುಕಿಕೊಂಡು ಬರುತ್ತಾರೆ. ಹೆಂಡತಿಯ ತಮ್ಮನಾಗಿ ಹುಟ್ಟಿದ ಮೇಲೆ ಬೇಡ ಎನ್ನುವ ಹಕ್ಕು ಯಾರಿಗುಂಟು?

ಆಟ ಇಷ್ಟೇ. ದೊಡ್ಡ ಲಾರಿಗೆ ಸರಕು ತುಂಬಿ ಯಾವುದೋ ದೇಶದ ಘಾಟಿ ರಸ್ತೆಯಲ್ಲಿ ಓಡಿಸಬೇಕು. ಹಾಗೆ ನೋಡಿದರೆ ಅಂಥ ಆಟಕ್ಕೆ ಭಾರಿ ಕಂಪ್ಯೂಟರು ಬೇಕು. ಆದರೆ ಈ ಕಂಪನಿಯವರು ಕಂಪ್ಯೂಟರನ್ನು ತಮ್ಮಲ್ಲೇ ಇಟ್ಟುಕೊಂಡು, ಆಟದ ಚಿತ್ರವನ್ನು ಮಾತ್ರ ನೆಟ್‌ನಲ್ಲಿ ನಮ್ಮ ಫೋನಿಗೆ ಕಳಿಸುತ್ತಾರೆ. ನಾವು ಇಲ್ಲಿ ಗುಂಡಿ ಒತ್ತಿದರೆ ಲಾರಿ ಅಲ್ಲಿ ತಿರುಗುತ್ತದೆ. ಇದಕ್ಕೆ ಕ್ಲೌಡ್ ಗೇಮಿಂಗ್ ಎಂದು ಹೆಸರು. ಕ್ಲೌಡ್ ಎಂದರೆ ಮೋಡ ಎಂದು ಬಾಯಿತಪ್ಪಿ ಹೇಳಿದವನು ನಾನೇ. ಮಳೆಗಾಲ ಶುರುವಾಗಿ ವೈಫೈ ಕೈಕೊಟ್ಟ ದಿನ ಭಾವ ಅಂಗಡಿಯ ಬಾಗಿಲಲ್ಲಿ ನಿಂತು ಆಕಾಶವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ಹೇಳಿದರು:

"ಅಲ್ಲ ಮಾರಾಯ, ಇಡೀ ಕೊಡಗಿನ ಮೇಲೆ ಇಷ್ಟು ಮೋಡ ಕೂತುಂಟು. ಇವತ್ತೇ ಅಲ್ವಾ ಆಟ ಚೆನ್ನಾಗಿ ಬರಬೇಕಾದದ್ದು?"

ನಾನು ಜೆರಾಕ್ಸ್ ಮೆಷಿನ್ನಿನ ಮುಚ್ಚಳ ತೆಗೆದು ಸುಮ್ಮನೆ ಒಳಗೆ ಇಣುಕಿದೆ.

ಈ ಆಟ ಮುಂದೆ ಮನೆಮನೆಗೂ ಬರುತ್ತದೆಂದು ಭಾವನಿಗೆ ಗಟ್ಟಿ ನಂಬಿಕೆ. "ಮೆಷಿನ್ ಅವರ ಹತ್ರ, ಆಟ ನಮ್ಮ ಹತ್ರ" ಎಂಬುದು ಅವರ ಮಂತ್ರ. ವಿರಾಜಪೇಟೆಗೆ ಹೋಗಲು ಯಾರಾದರೂ ಬಸ್ಸನ್ನೇ ಕೊಳ್ಳುತ್ತಾರಾ ಎಂದು ಕೇಳುತ್ತಿದ್ದರು. ಬಸ್ಸಿನವನು ಬಸ್ಸು ನಿಲ್ಲಿಸಿಬಿಟ್ಟರೆ ಎಂದು ನಾನು ಕೇಳಿದರೆ, ಇನ್ನೊಂದು ಬರುತ್ತದೆ ಎನ್ನುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಇದೇ ಪಾಠ. ಪಾಪ, ಆಧಾರ್ ಜೆರಾಕ್ಸಿಗೆ ಬಂದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರನ್ನು ಒಮ್ಮೆ ಬೆಂಚಿನ ಮೇಲೆ ಕೂರಿಸಿ ಲಾರಿ ತಿರುಗಿಸುವ ಗುಂಡಿಪೆಟ್ಟಿಗೆಯನ್ನು ಕೈಗೆ ಕೊಟ್ಟರು. ರೈಟರು ಎಡಕ್ಕೆ ಒತ್ತಿದರು. ಲಾರಿ ಸ್ವಲ್ಪ ಯೋಚನೆ ಮಾಡಿ, ನೇರ ಹೋಗಿ ಬಂಡೆಗೆ ಗುದ್ದಿ, ಆಮೇಲೆ ಎಡಕ್ಕೆ ತಿರುಗಿತು.

"ಇದು ನಮ್ಮ ಆಫೀಸಿನ ಥರವೇ ಉಂಟು," ಎಂದರು ರೈಟರು. "ಹೇಳಿದ್ದು ಆಗ್ತದೆ. ಈಗ ಅಲ್ಲ, ಅಷ್ಟೇ."

ಫೋನಿನಲ್ಲಿ ನೆಟ್ಟೇ ಬೇಡದ ಇಸ್ಪೀಟಿರುವಾಗ ಈ ಪೀಕಲಾಟ ಯಾರಿಗೆ ಬೇಕು ಎಂದು ಕೇಳಿ ಅವರು ಎದ್ದು ಹೋದರು. ಜನಸಾಮಾನ್ಯರ ತೀರ್ಪು ಅಲ್ಲಿಗೆ ಬಂದಾಯಿತು ಎಂದುಕೊಂಡೆ. ಭಾವ ಒಪ್ಪಲಿಲ್ಲ.

ಈ ತಡಕ್ಕೆ ಲ್ಯಾಗ್ ಎನ್ನುತ್ತಾರೆ. ಆಚೆ ಗುಡ್ಡದಲ್ಲಿ ಯಾರಾದರೂ ಕೋವಿ ಹಾರಿಸಿದರೆ ಮೊದಲು ಹೊಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದಲ್ಲ, ಹಾಗೆ. ಬೇರೆ ಯಾರೇ ಆಗಿದ್ದರೂ ಆಟ ಬಿಡುತ್ತಿದ್ದರು. ನಮ್ಮ ಭಾವ ಏನು ಮಾಡಿದರು ಗೊತ್ತೇ? ಒಂದು ಸೆಕೆಂಡ್ ಮೊದಲೇ ಬ್ರೇಕ್ ಒತ್ತಲು ಕಲಿತರು! ತಿರುವು ಕಾಣುವ ಮೊದಲೇ ತಿರುಗಿಸುತ್ತಿದ್ದರು. ಇನ್ನೂರು ಲಾರಿ ಬಿದ್ದದ್ದು ಕಲಿಯುವಾಗ. ಕಲಿತ ಮೇಲೆ ಒಂದೂ ಬೀಳಲಿಲ್ಲ.

ಇಷ್ಟು ಹಟ ಯಾಕೆ ಎನ್ನುವುದಕ್ಕೆ ಕಾರಣ ನನ್ನ ಡ್ರಾಯರಿನಲ್ಲಿ, ಸ್ಟೇಪ್ಲರ್ ಪಿನ್ನುಗಳ ಕೆಳಗೆ ಇತ್ತು. ಅದು ಅವರ ಜೀಪಿನ ಕೀಲಿಕೈ. ಮೂವತ್ತು ವರ್ಷ ಭಾವ ಮಾಕುಟ್ಟದ ಘಾಟಿಯಲ್ಲಿ ಶುಂಠಿ, ಬಾಳೆಗೊನೆ ತುಂಬಿಕೊಂಡು ಕೇರಳಕ್ಕೆ ಜೀಪು ಓಡಿಸಿದವರು. ಮೂರು ವರ್ಷದ ಹಿಂದೆ ಒಂದು ದಿನ ಸ್ಟೇರಿಂಗ್ ಹಿಡಿದಿದ್ದಾಗಲೇ ಕಣ್ಣು ಕತ್ತಲೆ ಬಂತು. ಜೀಪು ಚರಂಡಿಗೆ ಇಳಿದು ನಿಂತಿತು, ಜೀವ ಉಳಿಯಿತು. ಇನ್ನು ಗಾಡಿ ಮುಟ್ಟಬಾರದು ಎಂದರು ಡಾಕ್ಟರು. ಅಕ್ಕ ಜೀಪನ್ನು ನನ್ನ ಅಂಗಡಿಯ ಹಿಂದಿನ ಶೆಡ್ಡಿಗೆ ಸಾಗಿಸಿದಳು. ಅವರು ಕೇಳಿದರೂ ಕೊಡಬೇಡ ಎಂದು ಕೀಲಿಕೈಯನ್ನು ನನ್ನ ಕೈಗಿಟ್ಟಳು. ಭಾವ ಒಮ್ಮೆಯೂ ಕೇಳಲಿಲ್ಲ. ಡ್ರಾಯರಿನ ಎದುರಿಗೆ ಬೆಂಚು ಎಳೆದುಕೊಂಡು ಮೋಡದಲ್ಲಿ ಲಾರಿ ಓಡಿಸಿದರು.

ನಾನೋ, ಅದನ್ನು ಮೂರು ವರ್ಷ ಮುದುಕನ ಹುಚ್ಚು ಎಂದುಕೊಂಡೆ. ಬೆಳಗಿಂದ ಸಂಜೆವರೆಗೆ ಒಟಿಪಿ ಬರಲಿಲ್ಲ ಎನ್ನುವವರ ಮುಖ ನೋಡಿ ನೋಡಿ ಬೇಸತ್ತವನಿಗೆ ಪಕ್ಕದ ಬೆಂಚಿನ ಮುಖ ಎಲ್ಲಿ ಕಾಣಬೇಕು?

ಮೊನ್ನೆ ಬಂದವರು ಬೆಂಚಿನ ಮೇಲೆ ಕೂರಲಿಲ್ಲ. ಫೋನು ಚಾಚಿ, ಇಂಗ್ಲಿಷಿನಲ್ಲಿ ಏನೋ ಬಂದಿದೆ, ಓದು ಎಂದರು. ಓದಿದೆ. ಅಂದುಕೊಂಡಷ್ಟು ಜನ ಆಡಲು ಬರಲಿಲ್ಲ, ಈ ತಿಂಗಳ ಕೊನೆಗೆ ಸೇವೆ ನಿಲ್ಲಿಸುತ್ತೇವೆ, ಇದುವರೆಗೆ ಜೊತೆಗಿದ್ದುದಕ್ಕೆ ಧನ್ಯವಾದ ಎಂದು ಕಂಪನಿಯವರು ಬರೆದಿದ್ದರು.

"ನಾನು ಓಡಿಸಿದ್ದು?" ಎಂದು ಕೇಳಿದರು.

"ಎಲ್ಲ ಅವರ ಮೆಷಿನ್ನಿನಲ್ಲೇ ಇರುವುದಲ್ವಾ ಭಾವ. ಅದೂ ಹೋಗ್ತದೆ."

ಅವರು ತಲೆಯಾಡಿಸಿದರು. ಇನ್ನೊಂದು ಬಸ್ಸು ಬರುತ್ತದೆ ಎನ್ನಲಿಲ್ಲ. ಆ ದಿನ ಮೊದಲ ಸಲ ಅವರು ಡ್ರಾಯರನ್ನು ನೇರವಾಗಿ ನೋಡಿದರು, ನಾನು ನೋಡಿದೆನೆಂದು ಗೊತ್ತಾಗಿ ಕಣ್ಣು ತಿರುಗಿಸಿಕೊಂಡರು. ನನಗೆ ಬಹಳ ಸಂಕಟವಾಯಿತು, ನಾಚಿಕೆಯೂ ಆಯಿತು. ಹಾಡಹಗಲೇ ಅಂಗಡಿಯ ಶಟರ್ ಎಳೆದೆ.

ಡ್ರಾಯರಿನಿಂದ ತೆಗೆದ ಕೀಲಿಕೈ ಅವರಿಗೆ ಕೊಡಲಿಲ್ಲ. ಅಕ್ಕನಿಗೆ ಕೊಟ್ಟ ಮಾತುಂಟಲ್ಲ! ಶೆಡ್ಡಿನ ಜೀಪಿಗೆ ಹೊಸ ಬ್ಯಾಟರಿ ಹಾಕಿ, ಚಕ್ರಗಳಿಗೆ ಗಾಳಿ ತುಂಬಲು ಗ್ಯಾರೇಜಿನವನು ಒಂದು ಗಂಟೆ ತಗೊಂಡ. ನಾನು ಸ್ಟೇರಿಂಗ್ ಹಿಡಿದೆ, ಭಾವ ಎಡಗಡೆ ಕೂತರು. ವಿರಾಜಪೇಟೆ ದಾಟಿದೆವು. ಮಾಕುಟ್ಟದ ಕಾಡು ಶುರುವಾದದ್ದೇ ಅವರ ಬಲಗಾಲು ಖಾಲಿ ನೆಲವನ್ನು ತುಳಿಯತೊಡಗಿತು.

"ಬ್ರೇಕ್," ಎಂದರು.

"ತಿರುವೇ ಬಂದಿಲ್ಲ ಭಾವ."

"ನಾನು ಹೇಳಿ, ಅದು ನಿನ್ನ ಕಿವಿಗೆ ಹೋಗಿ, ಅಲ್ಲಿಂದ ಕಾಲಿಗೆ ಇಳಿಯುವಷ್ಟರಲ್ಲಿ ಬರ್ತದೆ."

ಬಂತು! ಆಮೇಲೆ ನಾನು ವಾದ ಬಿಟ್ಟೆ. ಅವರು ಹಾರ್ನ್ ಎಂದರೆ ಹಾರ್ನ್, ಸೆಕೆಂಡ್ ಗೇರ್ ಎಂದರೆ ಸೆಕೆಂಡ್ ಗೇರ್. ಮೂರು ವರ್ಷ ನೋಡದ ರಸ್ತೆಯ ಒಂದೊಂದು ತಿರುವೂ ಅವರಿಗೆ ನನಗಿಂತ ಮೊದಲು ಕಾಣುತ್ತಿತ್ತು.

ಚೆಕ್‌ಪೋಸ್ಟಿನಲ್ಲಿ ಒಬ್ಬ ಹಳೆಯ ಗಾರ್ಡು ನನ್ನ ಕಡೆ ತಿರುಗಿಯೂ ನೋಡದೆ ಎಡಗಡೆಯ ಕಿಟಕಿಗೆ ಹೋದ. "ಏನು ಸಾರ್, ಕಾಣದೆ ಎಷ್ಟು ಸಮಯ ಆಯ್ತು! ಡ್ರೈವರ್ ಇಟ್ಕೊಂಡ್ರಾ?" ಎಂದ.

"ಇಲ್ಲಪ್ಪ," ಎಂದರು ಭಾವ. "ಓಡಿಸ್ತಾ ಇರುವುದು ನಾನೇ. ಇವನದ್ದು ಸ್ವಲ್ಪ ಲ್ಯಾಗ್ ಉಂಟು, ಅಷ್ಟೇ."

ಸ್ವಲ್ಪ ಅಲ್ಲ, ಮೂರು ವರ್ಷ. ಹಾಗೆಂದುಕೊಂಡು ಗೇರ್ ಹಾಕಿದೆ. ಹಿಂದಿರುಗುವಾಗ ಘಾಟಿ ಮುಗಿಯುವ ಪೆರುಂಬಾಡಿ ದಾಟಿ ರಸ್ತೆ ನೇರವಾದ ಮೇಲೂ ಅವರು ಒಮ್ಮೊಮ್ಮೆ ಬ್ರೇಕ್ ಎನ್ನುತ್ತಿದ್ದರು. ತಿರುವು ಇತ್ತೋ ಇಲ್ಲವೋ, ನಾನು ನೋಡಲಿಲ್ಲ. ಅವರು ಹೇಳಿದಲ್ಲೆಲ್ಲ ತುಳಿದೆ.