ಅತ್ತೆಗೆ ನಲ್ಲಿ ನೀರು ಕುಡಿಸಿದ್ದು

ಸೀಮೆಎಣ್ಣೆಗೂ ಸರದಿ ನಿಲ್ಲುತ್ತಿದ್ದ ಯುದ್ಧದ ಕಾಲ. ಮಂಡ್ಯದ ನಮ್ಮ ಬೀದಿಗೆ ನಲ್ಲಿ ಬಂದ ವರ್ಷವೇ ನನ್ನ ಹೆಂಡತಿ ಜಯಮ್ಮನಿಗೆ ದಿನ ತುಂಬುತ್ತಾ ಬಂತು. ಬಾಣಂತನಕ್ಕೆಂದು ಕೊತ್ತತ್ತಿಯಿಂದ ನಮ್ಮ ಅತ್ತೆ ಬಂದರು. ಚೊಂಬು ಕೈಗೆ ತೆಗೆದುಕೊಂಡು ಅವರು ಮೊದಲು ಕೇಳಿದ್ದು, "ಇದು ಯಾವ್ ಬಾವಿ ನೀರು?"

ನಾನು ಮಿಡಲ್ ಸ್ಕೂಲಿನ ಮೇಷ್ಟರು. ಯಾರು ಏನು ಕೇಳಿದರೂ ಒಂದು ಪೀರಿಯಡ್ಡಿಗೆ ಕಡಿಮೆಯಿಲ್ಲದಂತೆ ಉತ್ತರಿಸುವುದು ನನ್ನ ಅಭ್ಯಾಸ. ಇದು ಕಾವೇರಿ ನೀರು, ನಾಲೆಯಲ್ಲಿ ಹರಿದು ಬಂದದ್ದು, ಇದನ್ನು ಮರಳಿನಲ್ಲಿ ಸೋಸಿ, ಔಷಧಿ ಬೆರೆಸಿ, ನೆಲದೊಳಗಿನ ಕೊಳವೆಯಲ್ಲಿ ನಮ್ಮ ಮನೆ ಮುಂದಕ್ಕೆ ಬಿಡುತ್ತಾರೆ ಎಂದು ಸವಿಸ್ತಾರವಾಗಿ ವಿವರಿಸಿದೆ.

ಅತ್ತೆ ಚೊಂಬು ಕೆಳಗಿಟ್ಟರು. "ಔಸ್ದಿ ಆಕ್ತಾರಾ? ಯಾಕೆ, ನೀರ್ಗೆ ಏನಾಗೈತೆ?"

ಅಂದಿನಿಂದ ಅವರು ನಲ್ಲಿ ನೀರು ಮುಟ್ಟಲಿಲ್ಲ. ನಾನು ದಿನಾ ಬೆಳಿಗ್ಗೆ ಪಕ್ಕದ ಬೀದಿಯ ಬಾವಿಯಿಂದ ಕೊಡ ಹೊತ್ತು ತಂದೆ. ಅದನ್ನು ಸವಳು ಎಂದರು. ವಾರ ಕಳೆಯುವಷ್ಟರಲ್ಲಿ, "ನನ್ ಮಗಳ್ನ ಊರ್ಗೇ ಕರ್ಕೊಂಡೋಯ್ತೀನಿ ಬುಡಪ್ಪ" ಎಂದು ಗಂಟು ಕಟ್ಟತೊಡಗಿದರು. ತುಂಬಿದ ಬಸುರಿ, ಎತ್ತಿನ ಗಾಡಿ, ಗುಂಡಿ ಬಿದ್ದ ದಾರಿ. ನಾನು ಗಂಟಿಗೆ ಅಡ್ಡ ನಿಂತೆ.

"ಬನ್ನಿ ಅತ್ತೆ, ನೀರು ಎಲ್ಲಿಂದ ಬತ್ತದೆ ಅಂತ ಕಣ್ಣಾರೆ ತೋರಿಸ್ತೀನಿ" ಎಂದು ಊರಾಚೆಯ ನಾಲೆ ಏರಿಗೆ ಕರೆದುಕೊಂಡು ಹೋದೆ.

ಕಾವೇರಮ್ಮ ಗಂಭೀರವಾಗಿಯೇ ಹರಿಯುತ್ತಿದ್ದಳು. ನಡುವೆ ಎಮ್ಮೆಗಳ ಹಿಂಡೊಂದು ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡಿತ್ತು. ಸ್ವಲ್ಪ ಮೇಲೆ ಒಬ್ಬಾತ ಕಂಬಳಿ ಒಗೆಯುತ್ತಿದ್ದ.

ಅತ್ತೆ ಎಮ್ಮೆಗಳನ್ನೂ ಕಂಬಳಿಯನ್ನೂ ನೋಡಿದರು. "ನಮ್ಮೂರಲ್ಲಿ ಈ ನೀರ್ನ ಗದ್ದೆಗ್ ಬುಡ್ತೀವಿ ಕಣಪ್ಪ" ಎಂದರು.

ವಿವೇಕಿಯಾದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಪಂಚೆ ಎತ್ತಿ ಕಟ್ಟಿ ನಾಲೆಗಿಳಿದೆ. "ಏನೂ ಆಗಲ್ಲ ಅತ್ತೆ, ನೋಡಿ" ಎಂದು ಬೊಗಸೆ ತುಂಬ ಎತ್ತಿ ಕುಡಿದೆ. ಅವರ ಮುಖ ಬದಲಾಗಲಿಲ್ಲ. ಇನ್ನೊಂದು ಬೊಗಸೆ ಕುಡಿದೆ. ಒಂದು ಎಮ್ಮೆ ಕಣ್ಣು ತೆರೆದು ನೋಡಿತು.

ಸಂಜೆಗೆ ಹೊಟ್ಟೆ ಗುಡುಗತೊಡಗಿತು. ಬೆಳಗಾಗುವಷ್ಟರಲ್ಲಿ ಹಿತ್ತಲಿಗೂ ಚಾಪೆಗೂ ಓಡಾಡಿ, ಗೋಡೆ ಹಿಡಿದು ನಡೆಯುವ ಸ್ಥಿತಿಗೆ ಬಂದಿದ್ದೆ.

"ಸೋಸಿದ್ ನೀರು ಮನೆ ಮುಂದ್ಕೇ ಬತ್ತದಲ್ಲ," ಜಯಮ್ಮ ಕೇಳಿದಳು. "ಸೋಸೋಕ್ ಮುಂಚೆ ಓಗಿ ಯಾಕ್ ಕುಡುದ್ರಿ?"

ನಾನು ಗೋಡೆ ಹಿಡಿದು ಮತ್ತೆ ಹಿತ್ತಲಿಗೆ ಹೊರಟೆ.

ನನಗೆ ಗಂಜಿಯಾಗಬೇಕು, ಬಾವಿಯಿಂದ ನೀರು ತರುವವರಿಲ್ಲ. ಬಸುರಿಯನ್ನು ಕಳಿಸುವಂತಿಲ್ಲ, ಅತ್ತೆಗೆ ಸೇದಲು ತೋಳು ಏಳದು. ಕೊನೆಗೆ ಅವರೇ ಗೊಣಗುತ್ತಾ ಹೋಗಿ ನಲ್ಲಿ ತಿರುಗಿಸಿ ನೀರು ತಂದು ಕಾಯಿಸಿದರು. ಆರಿದ ಮೇಲೆ ತಾವೂ ಒಂದು ಗುಟುಕು ಕುಡಿದರು. ಆಮೇಲೆ ಒಂದು ಲೋಟ ಕುಡಿದರು.

"ಸೀಯಾಗೇ ಐತೆ ಕಣಪ್ಪ," ಎಂದರು. "ನೀನು ಇದ್ರ ಸಮಾಚಾರ ಯೋಳ್ದೆ ಸುಮ್ಕಿದ್ದಿದ್ರೆ ಬಂದ್ ದಿನ್ವೇ ಕುಡೀತಿದ್ದೆ."

ಊರಿಗೆಂದು ಕಟ್ಟಿದ್ದ ಗಂಟನ್ನು ಅತ್ತೆ ಬಿಚ್ಚುತ್ತಿದ್ದಂತೆಯೇ ಜಯಮ್ಮನಿಗೆ ನೋವು ಶುರುವಾಯಿತು. ಹೇಳಿಕಳಿಸಿದ ಸೂಲಗಿತ್ತಿ ಬಿರಬಿರನೆ ಬಂದವಳು, ನಡುಮನೆಯಲ್ಲಿ ತಲೆತುಂಬ ಹೊದ್ದು ನರಳುತ್ತಿದ್ದ ನನ್ನ ಪಕ್ಕ ಕೂತು, "ಎದರ್ಬ್ಯಾಡ ಕಣವ್ವ" ಎಂದು ಹೊಟ್ಟೆ ಸವರಿದಳು. ಒಳಕೋಣೆಯಿಂದ ಜಯಮ್ಮ ಆ ನೋವಿನಲ್ಲೂ ನಕ್ಕಿದ್ದು ಕೇಳಿಸಿತು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿ ಹೊರಡುವ ಮುಂಚೆ ಪಥ್ಯ ಹೇಳಿದಳು. ಬಾಣಂತಿಗೊಂದು, ನನಗೊಂದು. ನನ್ನದೇ ಹೆಚ್ಚು ಕಟ್ಟುನಿಟ್ಟಾಗಿತ್ತು.